ಕಾನೂನು ಹೆದರಿದ್ದು ಮಾತಿಗಲ್ಲ, ಬಡಿತಕ್ಕೆ

ಪ್ರಶ್ನೆ: ಸರ್, ಇಂಗ್ಲೆಂಡಿನ ದಿ ಪ್ರಾಡಿಜಿ ತಂಡದ ‘ಮ್ಯೂಸಿಕ್ ಫಾರ್ ದ ಜಿಲ್ಟೆಡ್ ಜನರೇಷನ್’ (1994) ಆಲ್ಬಮ್ಮನ್ನು ಪ್ರತಿಭಟನೆಯ ಸಂಗೀತ ಅನ್ನುತ್ತಾರೆ. ಮಗಳ ಒತ್ತಾಯಕ್ಕೆ ಎರಡು ಸಲ ಪೂರ್ತಿ ಕೇಳಿದೆ. ಡ್ರಮ್ಮಿನ ಅಬ್ಬರ ಬಿಟ್ಟು ಬೇರೇನೂ ಕಿವಿಗೆ ಬೀಳಲಿಲ್ಲ. ಸಾಹಿತ್ಯವೇ ಇಲ್ಲದ, ಕುಣಿಯಲಿಕ್ಕೆಂದು ಮಾಡಿದ ಸಂಗೀತ ಬಂಡಾಯ ಹೇಗಾಗುತ್ತದೆ? ಇದು ಕಂಪನಿಯವರು ಹಬ್ಬಿಸಿದ ಮಾತೇ? ಇನ್ನೊಮ್ಮೆ ಕೇಳುವುದಾದರೆ ಎಲ್ಲಿಂದ ಶುರು ಮಾಡಲಿ?
— ಓದುಗರೊಬ್ಬರು, ಮೈಸೂರು

ಉತ್ತರ: ಬಂಡಾಯ ಅಂದ ಕೂಡಲೇ ನಾವು ಕನ್ನಡದವರು ಮೊದಲು ಹುಡುಕುವುದು ಮಾತನ್ನು. ಹೋರಾಟದ ಹಾಡು ಅಂದರೆ ನಮಗೆ ಜಾಥಾದಲ್ಲಿ ನೂರಾರು ಗಂಟಲು ಒಟ್ಟಿಗೆ ಎತ್ತಿಕೊಳ್ಳುವ ಸಾಲು. ಆ ಕಿವಿಯಿಂದ ಕೇಳಿದರೆ 78 ನಿಮಿಷದ ಈ ಆಲ್ಬಮ್ಮಿನಲ್ಲಿ ಸಿಗುವುದು ಬೆರಳೆಣಿಕೆಯಷ್ಟು ವಾಕ್ಯ. ನಿಮಗೆ ನಿರಾಸೆ ಆಗಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ನೋಡೋಣ. ಆ ವರ್ಷ ಆ ದೇಶದಲ್ಲಿ ಸರ್ಕಾರಕ್ಕೆ ಯಾವುದರ ಭಯವಿತ್ತು? ಹಾಡಿನ ಸಾಲುಗಳದ್ದಲ್ಲ. ನಿಮಗೆ ಅಬ್ಬರವಾಗಿ ಕೇಳಿಸಿತಲ್ಲ, ಆ ಡ್ರಮ್ಮಿನ ಬಡಿತದ್ದು. ಇದು ನನ್ನ ವ್ಯಾಖ್ಯಾನವಲ್ಲ, ಬ್ರಿಟನ್ನಿನ ಶಾಸನದಲ್ಲೇ ಬರೆದಿದೆ.

‘ಕ್ರಿಮಿನಲ್ ಜಸ್ಟಿಸ್ ಅಂಡ್ ಪಬ್ಲಿಕ್ ಆರ್ಡರ್ ಆಕ್ಟ್’ 1994ರ ನವೆಂಬರ್ 3ರಂದು ಜಾರಿಗೆ ಒಪ್ಪಿಗೆ ಪಡೆಯಿತು. ಅದರ 63ನೇ ಕಲಂ ಆಗ ಹೇಗಿತ್ತು ನೋಡಿ. ಬಯಲಲ್ಲಿ 100 ಅಥವಾ ಹೆಚ್ಚು ಜನ ಸೇರಿ, ರಾತ್ರಿ ಹೊತ್ತು ಸ್ಪೀಕರ್ ಹಾಕಿ, ಸುತ್ತಲಿನವರಿಗೆ ತೀವ್ರ ತೊಂದರೆ ಆಗುವಂತೆ ಸಂಗೀತ ನುಡಿಸಿದರೆ ಪೊಲೀಸರು ಅವರನ್ನು ಎಬ್ಬಿಸಿ ಕಳಿಸಬಹುದು. ಹೋಗದಿದ್ದರೆ ಮೂರು ತಿಂಗಳವರೆಗೆ ಜೈಲು. ಸೌಂಡ್ ಸಿಸ್ಟಂ ಜಪ್ತಿ ಮಾಡಬಹುದು. ಅಂಥ ಕೂಟಕ್ಕೆ ಹೊರಟವರನ್ನು 5 ಮೈಲಿ ದೂರದಲ್ಲೇ ರಸ್ತೆಯಲ್ಲಿ ತಡೆದು ವಾಪಸ್ ಕಳಿಸಬಹುದು. ಇಷ್ಟರವರೆಗೆ ಇದು ಗಲಾಟೆ ತಡೆಯುವ ಕಾನೂನಿನ ಹಾಗೇ ಕಾಣುತ್ತದೆ. ಆಮೇಲೆ ಬರುತ್ತದೆ ‘ಸಂಗೀತ’ ಎಂಬ ಪದದ ವಿವರಣೆ: ಒಂದರ ಹಿಂದೊಂದು ಮರಳಿ ಮರಳಿ ಬರುವ ಬಡಿತಗಳಿಂದಲೇ ಪೂರ್ತಿಯಾಗಿ ಅಥವಾ ಬಹುಪಾಲು ಕೂಡಿದ ಸದ್ದುಗಳೂ ಇದರಲ್ಲಿ ಸೇರುತ್ತವೆ.

ಈ ಸಾಲು ಎಷ್ಟು ವಿಚಿತ್ರ ಎಂಬುದು ನಮ್ಮಲ್ಲಿನ ನಿಯಮದ ಪಕ್ಕ ಇಟ್ಟರೆ ಗೊತ್ತಾಗುತ್ತದೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಇಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಇದೆ, ಡೆಸಿಬೆಲ್ ಲೆಕ್ಕವೂ ಇದೆ. ಆದರೆ ಸ್ಪೀಕರಿನಲ್ಲಿ ಬರುತ್ತಿರುವುದು ಭಜನೆಯೋ ಆರ್ಕೆಸ್ಟ್ರಾವೋ ಎಂದು ಆ ನಿಯಮ ಕೇಳುವುದಿಲ್ಲ. ಬ್ರಿಟಿಷ್ ಸಂಸತ್ತು ಕೇಳಿತು. ಒಂದು ತಲೆಮಾರಿನ ಹುಡುಗರು ಯಾವ ಲಯಕ್ಕೆ ಕುಣಿಯುತ್ತಿದ್ದರೋ ಆ ಲಯಕ್ಕೇ ಶಾಸನದ ಭಾಷೆಯಲ್ಲಿ ಹೆಸರಿಟ್ಟಿತು.

ಇಲ್ಲಿಗೆ ಬರಲು ಆರು ವರ್ಷ ಹಿಡಿಯಿತು. 1988ರ ಹೊತ್ತಿಗೆ ಶಿಕಾಗೋ ಮತ್ತು ಡೆಟ್ರಾಯ್ಟಿನಿಂದ ಬಂದ ಹೌಸ್, ಟೆಕ್ನೋ ಎಂಬ ಕುಣಿತದ ಸಂಗೀತ ಇಂಗ್ಲೆಂಡಿನ ಹುಡುಗರನ್ನು ಹಿಡಿದುಕೊಂಡಿತ್ತು. ಕ್ಲಬ್ಬುಗಳು ಬೇಗ ಮುಚ್ಚುತ್ತಿದ್ದವು. ಹಾಗಾಗಿ ಖಾಲಿ ಗೋದಾಮು, ವಿಮಾನದ ಶೆಡ್ಡು, ಲಂಡನ್ ಸುತ್ತಿದ ಎಂ25 ಹೆದ್ದಾರಿಯ ಆಸುಪಾಸಿನ ಹೊಲಗಳೆಲ್ಲ ರಾತ್ರಿಯಿಡೀ ನಡೆಯುವ ಕುಣಿತದ ಕೂಟಗಳಾದ ರೇವ್‌ಗಳಿಗೆ ಜಾಗವಾದವು. ಎಲ್ಲಿ ಅನ್ನುವುದು ಕೊನೇ ಗಳಿಗೆಯಲ್ಲಿ ಫೋನ್ ನಂಬರಿನಿಂದ ತಿಳಿಯುತ್ತಿತ್ತು. ಎಕ್ಸ್‌ಟಸಿ ಎಂಬ ನಶೆಯ ಮಾತ್ರೆಯೂ ಇದರ ಜೊತೆಗೇ ಹರಡಿತು, ಅದನ್ನು ಮುಚ್ಚಿಡುವುದು ಬೇಡ. ಪತ್ರಿಕೆಗಳ ಗಾಬರಿಗೆ ಅದೇ ದೊಡ್ಡ ಕಾರಣ. 1990ರಲ್ಲಿ ಪರವಾನಗಿ ಇಲ್ಲದೆ ಪಾರ್ಟಿ ಮಾಡುವವರಿಗೆ 20,000 ಪೌಂಡ್ ದಂಡ, ಆರು ತಿಂಗಳ ಜೈಲು ಎಂಬ ಕಾಯ್ದೆ ಬಂತು. ದುಡ್ಡಿಗೆ ರೇವ್ ಮಾಡುವ ಸಂಘಟಕರು ಹಿಂದೆ ಸರಿದರು. ಆದರೆ ದುಡ್ಡೇ ಕೇಳದೆ ಸ್ಪೀಕರ್ ಹೊತ್ತು ಊರೂರು ಸುತ್ತುವವರು ಆ ಕಾಯ್ದೆಗೆ ಸಿಗಲಿಲ್ಲ.

1992ರ ಮೇ ಕೊನೆಯ ವಾರ ವೂಸ್ಟರ್‌ಶೈರಿನ ಕ್ಯಾಸಲ್‌ಮಾರ್ಟನ್ ಕಾಮನ್ ಎಂಬ ಗೋಮಾಳದಂಥ ಸಾರ್ವಜನಿಕ ಬಯಲಿನಲ್ಲಿ ಅವರೆಲ್ಲ ಸೇರಿದರು. ಬೇರೆ ಕಡೆ ನಡೆಯಬೇಕಿದ್ದ ಉಚಿತ ಜಾತ್ರೆಯೊಂದನ್ನು ಪೊಲೀಸರು ಅಲ್ಲಿಂದ ಇಲ್ಲಿಂದ ಅಟ್ಟುತ್ತಾ ಬಂದಿದ್ದರಿಂದ ಅದು ಈ ಬಯಲಿಗೆ ಬಂದು ನಿಂತಿತು. ಟಿವಿ ಸುದ್ದಿ ನೋಡಿ ಇನ್ನಷ್ಟು ಜನ ಬಂದರು. 20,000ದಿಂದ 40,000 ಎಂಬ ಅಂದಾಜಿದೆ. ಒಂದು ವಾರ ಸಂಗೀತ ನಿಲ್ಲಲಿಲ್ಲ. ಸುತ್ತಲಿನ ಹಳ್ಳಿಯವರಿಗೆ ಆದ ಕಷ್ಟ ನಿಜವಾದದ್ದು. ನಿದ್ದೆ ಇಲ್ಲದೆ, ಬಯಲೆಲ್ಲ ಗಲೀಜಾಗಿ, ಕುರಿ ಕಾಯುವ ರೈತರು ಕಂಗೆಟ್ಟಿದ್ದರು. ಸ್ಪೈರಲ್ ಟ್ರೈಬ್ ಎಂಬ ಸೌಂಡ್ ಸಿಸ್ಟಂ ಗುಂಪಿನ 13 ಜನರ ಮೇಲೆ ಮೊಕದ್ದಮೆ ಹೂಡಿದರು. ವಾರಗಟ್ಟಲೆ ವಿಚಾರಣೆ ನಡೆದು ಎಲ್ಲರೂ ಖುಲಾಸೆಯಾದರು. ಇತ್ತ ಪ್ರಧಾನಿ ಜಾನ್ ಮೇಜರ್ ಸರ್ಕಾರ, ಗೃಹಸಚಿವ ಮೈಕೆಲ್ ಹೋವರ್ಡ್ ಮುಂದಾಳತ್ವದಲ್ಲಿ, ಹೊಸ ಮಸೂದೆ ತಂದಿತು. ಖಾಲಿ ಮನೆ ಹೊಕ್ಕವರು, ಊರೂರು ತಿರುಗುವ ಅಲೆಮಾರಿಗಳು, ಬೇಟೆಯ ವಿರುದ್ಧ ನಿಲ್ಲುವವರು, ಪೊಲೀಸರ ಮುಂದೆ ಸುಮ್ಮನಿರುವ ಆರೋಪಿಯ ಹಕ್ಕು ಎಲ್ಲವೂ ಅದೇ ಮಸೂದೆಯ ಬಾಯಿಗೆ ಬಿದ್ದವು.

ಈ ಮಸೂದೆ ಸಂಸತ್ತಿನಲ್ಲಿರುವಾಗಲೇ, 1994ರ ಜುಲೈ 4ರಂದು, ಎಕ್ಸ್ಎಲ್ ರೆಕಾರ್ಡಿಂಗ್ಸ್ ಕಂಪನಿ ನಮ್ಮ ಆಲ್ಬಮ್ಮನ್ನು ಬಿಡುಗಡೆ ಮಾಡಿತು. ನೇರವಾಗಿ ಬ್ರಿಟಿಷ್ ಪಟ್ಟಿಯ ಮೊದಲ ಸ್ಥಾನಕ್ಕೇ ಬಂತು.

ತಂಡದ ಹಿನ್ನೆಲೆ ಸ್ವಲ್ಪ ಗೊತ್ತಿರಬೇಕು. ಲಿಯಮ್ ಹೌಲೆಟ್ ಎಸೆಕ್ಸ್ ಜಿಲ್ಲೆಯ ಬ್ರೇನ್‌ಟ್ರೀ ಎಂಬ ಸಾಧಾರಣ ಊರಿನ ಹುಡುಗ. ಹಿಪ್‌ಹಾಪ್ ಡಿಜೆ ಆಗಿದ್ದವನು ರೇವ್‌ಗೆ ಬಂದ. ಊರಿನ ದಿ ಬಾರ್ನ್ ಎಂಬ ಕ್ಲಬ್ಬಿನಲ್ಲಿ ಕುಣಿಯಲು ಬರುತ್ತಿದ್ದ ಕೀತ್ ಫ್ಲಿಂಟ್ ಅವನ ಬಳಿ ಒಂದು ಕ್ಯಾಸೆಟ್ ಕೇಳಿದ. ಲಿಯಮ್ ಒಂದು ಮಗ್ಗುಲಲ್ಲಿ ಬೇರೆಯವರ ಹಾಡುಗಳನ್ನೂ ಇನ್ನೊಂದರಲ್ಲಿ ತಾನೇ ಮಾಡಿದ್ದನ್ನೂ ತುಂಬಿಸಿ ಕೊಟ್ಟ. ಆ ಎರಡನೇ ಮಗ್ಗುಲು ಕೇಳಿ ಕೀತ್ ಮತ್ತು ಅವನ ಗೆಳೆಯ ಲೀರಾಯ್ ಥಾರ್ನ್‌ಹಿಲ್, ‘ನೀನು ನುಡಿಸು, ನಾವು ಮುಂದೆ ನಿಂತು ಕುಣಿಯುತ್ತೇವೆ’ ಎಂದು ಬಂದರು. ಮೈಕ್ ಹಿಡಿಯಲು ರೆಗ್ಗೆ ಹಿನ್ನೆಲೆಯ ಮ್ಯಾಕ್ಸಿಮ್ ಸೇರಿದ. ಮೊದಲ ಪ್ರದರ್ಶನ ಪೂರ್ವ ಲಂಡನ್ನಿನ ಡಾಲ್‌ಸ್ಟನ್ನಿನಲ್ಲಿದ್ದ ಲ್ಯಾಬ್ರಿಂತ್‌ನಲ್ಲಿ. ಆ ಕಟ್ಟಡ ಅದಕ್ಕೂ ಮೊದಲು ಫೋರ್ ಏಸಸ್ ಎಂಬ ಹೆಸರಿನ, ಕೆರಿಬಿಯನ್ ಮೂಲದವರು 1960ರ ದಶಕದಿಂದ ಕಟ್ಟಿ ಬೆಳೆಸಿದ ಕ್ಲಬ್ಬು. ಜಮೈಕಾದವರ ಸೌಂಡ್ ಸಿಸ್ಟಂ ಸಂಪ್ರದಾಯ, ಆಳದ ಬೇಸ್, ಮೈಕ್ ಹಿಡಿದು ಜನರನ್ನು ಎಬ್ಬಿಸುವ ಪದ್ಧತಿ, ಜೊತೆಗೇ ಪೊಲೀಸರ ದಾಳಿ, ಎಲ್ಲವನ್ನೂ ಕಂಡ ಗೋಡೆಗಳು ಅವು. ಬ್ರಿಟನ್ನಿನ ರೇವ್ ಬಗ್ಗೆ ಬರೆಯುವವರು ಈ ಕರಿಯರ ಋಣವನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅದು ತಪ್ಪು.

ನಾಲ್ವರ ತಂಡದಲ್ಲಿ ಇಬ್ಬರ ಕೆಲಸ ಬರೀ ಕುಣಿಯುವುದು ಎಂಬುದನ್ನು ಗಮನಿಸಿ. ಮುಂದೆ ಹಾಡುಗಾರನಾಗಿ ಜಗತ್ತಿಗೆಲ್ಲ ಪರಿಚಯವಾದ ಕೀತ್‌ನ ಧ್ವನಿ ಈ ಆಲ್ಬಮ್ಮಿನಲ್ಲಿ ಇಲ್ಲ. ಅವನು ಇನ್ನೂ ನರ್ತಕ. ಕುಣಿಯುವವರನ್ನು ವೇದಿಕೆಯ ಕೆಳಗಿನಿಂದ ಎತ್ತಿ ತಂಡದ ಮುಖವನ್ನಾಗಿ ಮಾಡಿದ್ದು ಇವರ ದೊಡ್ಡ ನಿರ್ಧಾರ. ರೇವ್‌ನಲ್ಲಿ ನಕ್ಷತ್ರ ಯಾರೂ ಅಲ್ಲ, ಬಯಲಲ್ಲಿ ಕುಣಿಯುವವರೇ ಎಲ್ಲ. ಹೊಸ ಕಾನೂನಿನ ಕಣ್ಣು ಬಿದ್ದದ್ದೂ ಆ ನೂರು ಜನರ ಮೇಲೇ.

ಇನ್ನು ಶೀರ್ಷಿಕೆ. ‘ಜಿಲ್ಟೆಡ್’ ಅಂದರೆ ಪ್ರೀತಿಸಿದವರು ನಂಬಿಸಿ ಕೈಕೊಟ್ಟದ್ದು. ಕೈಕೊಟ್ಟವರು ಯಾರು? ಸರ್ಕಾರ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದು ಅರ್ಧ ಸತ್ಯ. ಲಿಯಮ್‌ಗೆ ಇನ್ನೊಂದು ಗಾಯವಿತ್ತು. 1991ರಲ್ಲಿ ‘ಚಾರ್ಲಿ’ ಎಂಬ ಅವನ ಹಾಡು, ಮಕ್ಕಳಿಗೆ ಎಚ್ಚರಿಕೆ ಹೇಳುವ 1970ರ ದಶಕದ ಸರ್ಕಾರಿ ಕಾರ್ಟೂನಿನ ಬೆಕ್ಕಿನ ದನಿಯನ್ನು ಬಳಸಿ, ಮೂರನೇ ಸ್ಥಾನಕ್ಕೇರಿತು. ಕೂಡಲೇ ಅದೇ ಥರದ ಮಕ್ಕಳಾಟಿಕೆಯ ಹಾಡುಗಳು ಸಾಲುಗಟ್ಟಿ ಬಂದವು. ರೇವ್ ಸಂಗೀತವನ್ನು ಕೊಂದದ್ದೇ ಈ ಹಾಡೇನು ಎಂದು ಕುಣಿತದ ಸಂಗೀತದ ಮಿಕ್ಸ್‌ಮ್ಯಾಗ್ ಪತ್ರಿಕೆ ಮುಖಪುಟದಲ್ಲೇ ಕೇಳಿತು. ಒಳಗಿನವರೇ ಹೊರಗೆ ಹಾಕಿದ ಹಾಗಾಯಿತು. 1993ರಲ್ಲಿ ಅವನು ಏನು ಮಾಡಿದ ಗೊತ್ತೇ? ಹೊಸ ರೆಕಾರ್ಡನ್ನು ತಂಡದ ಹೆಸರಿಲ್ಲದೆ, ಬಿಳಿ ಲೇಬಲ್ ಅಂಟಿಸಿ, ‘ಅರ್ತ್‌ಬೌಂಡ್’ ಎಂಬ ಹೆಸರಿನಲ್ಲಿ ಡಿಜೆಗಳಿಗೆ ಹಂಚಿದ. ಪ್ರಾಡಿಜಿ ಅಂದರೆ ಮೂಗು ಮುರಿಯುತ್ತಿದ್ದವರೇ ಅದನ್ನು ಸಂತೋಷದಿಂದ ನುಡಿಸಿದರು. ಆಮೇಲೆ ಗುಟ್ಟು ಹೊರಬಂತು. ಆ ಹಾಡೇ ಈ ಆಲ್ಬಮ್ಮಿನ ‘ಒನ್ ಲವ್’.

ಆದ್ದರಿಂದ ಇದು ಎರಡು ಕಡೆಯಿಂದ ಕೈಕೊಡಿಸಿಕೊಂಡವನ ಆಲ್ಬಮ್. ಒಂದು ಕಡೆ ತಮ್ಮ ಕುಣಿತವನ್ನು ಅಪರಾಧ ಮಾಡಹೊರಟ ಸರ್ಕಾರ. ಇನ್ನೊಂದು ಕಡೆ ಯಾರು ನಮ್ಮವರು, ಯಾರು ಅಲ್ಲ ಎಂದು ಬಾಗಿಲಲ್ಲಿ ನಿಂತು ತೀರ್ಮಾನಿಸುವ ತಮ್ಮದೇ ಗುಂಪು. ಆರಂಭದ 45 ಸೆಕೆಂಡಿನಲ್ಲಿ ಕೇಳುವ ದನಿ ತನ್ನ ಕೆಲಸವನ್ನು ಮತ್ತೆ ಭೂಗತಕ್ಕೆ ಒಯ್ಯುತ್ತೇನೆ, ತಪ್ಪು ಕೈಗಳಿಗೆ ಸಿಗದಂತೆ ಮಾಡುತ್ತೇನೆ ಎನ್ನುತ್ತದಲ್ಲ, ಅಲ್ಲಿ ಈ ಎರಡು ಸಿಟ್ಟೂ ಇದೆ.

ಅದಾದ ಮೇಲೆ ಗಾಜು ಒಡೆಯುವ ಸದ್ದಿನೊಡನೆ ‘ಬ್ರೇಕ್ ಅಂಡ್ ಎಂಟರ್’. ಬೀಗ ಮುರಿದು ಒಳಹೊಕ್ಕ ಅಪರಾಧಕ್ಕೆ ಇಂಗ್ಲಿಷಿನಲ್ಲಿ ಹೇಳುವ ಮಾತು ಅದು. ಈ ಸಂಗೀತದ ಮೂಲದ್ರವ್ಯದ ಹೆಸರೂ ಬ್ರೇಕ್: ಹಳೆಯ ಫಂಕ್ ರೆಕಾರ್ಡುಗಳಲ್ಲಿ ಬೇರೆ ವಾದ್ಯಗಳೆಲ್ಲ ಸುಮ್ಮನಾಗಿ ಡ್ರಮ್ಮರ್ ಒಬ್ಬನೇ ನುಡಿಸುವ ನಾಲ್ಕಾರು ಸೆಕೆಂಡಿನ ತುಣುಕು. ಅದನ್ನು ಸದ್ದಿನ ತುಣುಕು ಹಿಡಿದಿಟ್ಟು ಮತ್ತೆ ನುಡಿಸುವ ಸ್ಯಾಂಪ್ಲರ್ ಯಂತ್ರಕ್ಕೆ ಹಾಕಿ, ಕತ್ತರಿಸಿ, ವೇಗ ಹೆಚ್ಚಿಸಿ, ಪೆಟ್ಟುಗಳ ಜಾಗ ಬದಲಿಸಿ ಹೊಸ ಲಯ ಕಟ್ಟುತ್ತಾರೆ. ಲಿಯಮ್ ಬಳಸಿದ್ದು ರೋಲ್ಯಾಂಡ್ ಡಬ್ಲ್ಯೂ-30 ಎಂಬ 12 ಬಿಟ್ಟಿನ ಕೀಬೋರ್ಡು. ಅದರ ನೆನಪಿನ ಶಕ್ತಿ ಕೆಲವೇ ಸೆಕೆಂಡು. ಇಂದಿನ ಅಗ್ಗದ ಮೊಬೈಲು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಆ ಇಕ್ಕಟ್ಟಿನಲ್ಲಿ ಪ್ರತಿ ತುಣುಕನ್ನೂ ಚಿಕ್ಕದಾಗಿ ಹೆರೆದು ಇಡಬೇಕಿತ್ತು. ಡ್ರಮ್ಮಿಗೆ ಆ ಒರಟುತನ, ಆ ಮರಳಿನಂಥ ಸ್ವಭಾವ ಬಂದದ್ದು ಅಲ್ಲಿಂದ. ನಾನು ಇದೇ ಕೆಲಸ ಮಾಡುವವನು. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ದೊಡ್ಡ ಸದ್ದು ಕಟ್ಟಿದ್ದನ್ನು ಕೇಳಿದಾಗ ಈಗಲೂ ಮೈ ಜುಮ್ಮೆನ್ನುತ್ತದೆ.

‘ಮರಳಿ ಬರುವ ಬಡಿತ’ ಎಂದು ಕಾನೂನು ಬರೆದವರಿಗೆ ಕಿವಿ ಇರಲಿಲ್ಲ ಅನ್ನಿಸುವುದು ಇಲ್ಲೇ. ‘ವೂಡೂ ಪೀಪಲ್’ ಕೇಳಿ. ಡ್ರಮ್ಮಿನ ಸುತ್ತು ಒಂದೇ ಎಂದುಕೊಳ್ಳುವಷ್ಟರಲ್ಲಿ ಒಂದು ಪೆಟ್ಟು ಬಿಟ್ಟುಹೋಗಿರುತ್ತದೆ, ಇನ್ನೊಂದು ಮುಂಚೆಯೇ ಬಂದಿರುತ್ತದೆ. ತಾಳ ಗಟ್ಟಿಯಾಗಿ ನಿಂತಿರುವುದರಿಂದಲೇ ಈ ಆಟ ಸಾಧ್ಯ. ನಮ್ಮ ತನಿ ಆವರ್ತನದಲ್ಲಿ ಕೈಯಲ್ಲಿ ತಾಳ ಹಾಕಿಕೊಂಡು ಮೃದಂಗ ಕೇಳುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

‘ದೇರ್ ಲಾ’ ಇಡೀ ಆಲ್ಬಮ್ಮಿನಲ್ಲಿ ನೇರವಾಗಿ ಕಾನೂನಿಗೆ ಎದುರು ನಿಂತ ಒಂದೇ ಹಾಡು. ಪಾಪ್ ವಿಲ್ ಈಟ್ ಇಟ್‌ಸೆಲ್ಫ್ ಎಂಬ ರಾಕ್ ತಂಡವನ್ನು ಜೊತೆಗೆ ಕರೆದುಕೊಂಡು ಮಾಡಿದ್ದು. 1977ರ ಅಮೆರಿಕನ್ ಹಾಸ್ಯಚಿತ್ರವೊಂದರ ಶೆರಿಫ್, ‘ಇಲ್ಲಿ ಕಾನೂನಿಗೆ ಮರ್ಯಾದೆಯೇ ಇಲ್ಲ’ ಎಂಬರ್ಥದಲ್ಲಿ ಗುಡುಗುವ ಮಾತಿನಿಂದ ಶುರು. ಆಮೇಲೆ ಬರುವುದು ಕುಣಿತದ ವೇಗವಲ್ಲ. ನಿಧಾನಕ್ಕೆ, ಭಾರವಾಗಿ, ಒರಟು ಸದ್ದಿನ ಗಿಟಾರು ನೆಲ ಉಳುತ್ತಾ ಬರುತ್ತದೆ. ಹಾಡಿನ ಸಾಹಿತ್ಯದ ತಿರುಳೆಂದರೆ ಆ ಕಾನೂನಿಗೆ ಒಂದು ಬೈಗುಳ. ನೀವು ಹುಡುಕಿದ ಮಾತು ಇಲ್ಲಿ ಸಿಗುತ್ತದೆ. ಆದರೆ ನನಗೆ ಮುಖ್ಯ ಅನ್ನಿಸುವುದು ಗಿಟಾರು. ರಾಕ್ ಕೇಳುವವರು ಆಗ ರೇವ್ ಅನ್ನು ಗುಂಡಿ ಒತ್ತುವವರ ಸಂಗೀತ ಎಂದು ಹೀಯಾಳಿಸುತ್ತಿದ್ದರು, ರೇವ್‌ನವರಿಗೆ ಗಿಟಾರು ಅಪ್ಪಂದಿರ ಕಾಲದ್ದಾಗಿತ್ತು. ಒಂದೇ ಮಸೂದೆಯ ಅಡಿ ಸಿಕ್ಕಿಬಿದ್ದ ಇಬ್ಬರು ಒಂದೇ ಹಾಡಿನಲ್ಲಿ ಜೊತೆಯಾದರು.

ಒಳಪುಟದ ಚಿತ್ರವನ್ನು ನೀವು ಫೋನಿನಲ್ಲಿ ಕೇಳಿದ್ದರೆ ನೋಡಿರಲಾರಿರಿ. ಲೆಸ್ ಎಡ್ವರ್ಡ್ಸ್ ಬರೆದದ್ದು. ಆಳವಾದ ಕಮರಿ, ಮೇಲೆ ಹಗ್ಗದ ಸೇತುವೆ. ಒಂದು ದಂಡೆಯಲ್ಲಿ ಹೊಗೆ ಕಾರುವ ಕತ್ತಲೆ ನಗರ, ಸಾಲುಗಟ್ಟಿದ ಪೊಲೀಸರು. ಈ ದಂಡೆಯಲ್ಲಿ ಹಸಿರು ಬಯಲು, ಸ್ಪೀಕರುಗಳು, ಕೂಡಿದ ಜನ. ನಡುವೆ ಉದ್ದಕೂದಲಿನ ಹುಡುಗನೊಬ್ಬ ಪೊಲೀಸರತ್ತ ಅಣಕಿಸುವಂತೆ ನಡುಬೆರಳು ಎತ್ತಿ ಸೇತುವೆಯ ಹಗ್ಗ ಕಡಿಯುತ್ತಿದ್ದಾನೆ. ಸೂಕ್ಷ್ಮವೇನಿಲ್ಲ ಅದರಲ್ಲಿ. ಆದರೆ ಎಷ್ಟು ಹುಡುಗರ ಕೋಣೆಯ ಗೋಡೆಯ ಮೇಲೆ ಅದು ಕೂತಿತು ಎಂಬುದನ್ನು ನೆನೆದರೆ, ಆ ತಲೆಮಾರು ತನ್ನನ್ನು ಹೇಗೆ ಕಂಡುಕೊಂಡಿತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಸಿಗಲಾರದು.

ಕಂಪನಿಯ ಪ್ರಚಾರವೇ ಎಂದು ಕೇಳಿದ್ದೀರಿ. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಲಿಯಮ್ ಹೌಲೆಟ್ ತನ್ನನ್ನು ರಾಜಕೀಯ ಹೋರಾಟಗಾರ ಎಂದು ಕರೆದುಕೊಂಡವನಲ್ಲ. ಜನ ಶೀರ್ಷಿಕೆಗೆ ಅತಿಯಾದ ಅರ್ಥ ಹಚ್ಚಿದರು ಎಂಬ ಭಾವ ಅವನಿಗಿತ್ತು. ಆ ವರ್ಷ ಲಂಡನ್ನಿನಲ್ಲಿ ಮೇ, ಜುಲೈ, ಅಕ್ಟೋಬರಿನಲ್ಲಿ ಮಸೂದೆಯ ವಿರುದ್ಧ ದೊಡ್ಡ ಮೆರವಣಿಗೆಗಳಾದವು. ಅಕ್ಟೋಬರ್ 9ರದ್ದು ಹೈಡ್ ಪಾರ್ಕಿನಲ್ಲಿ ಪೊಲೀಸರೊಡನೆ ಘರ್ಷಣೆಯಲ್ಲಿ ಮುಗಿಯಿತು. ಬೀದಿಗಿಳಿದವರ ಶ್ರಮವನ್ನು ಒಂದು ಆಲ್ಬಮ್ಮಿನ ಖಾತೆಗೆ ಬರೆಯುವುದು ನ್ಯಾಯವಲ್ಲ. ಕಾನೂನಿಗೆ ಅದರ ಭಾಷೆಯಲ್ಲೇ ಉತ್ತರ ಕೊಟ್ಟವರೂ ಬೇರೆ ಇದ್ದಾರೆ. ಓಟೆಕರ್ ಎಂಬ ಎಲೆಕ್ಟ್ರಾನಿಕ್ ಸಂಗೀತದ ಜೋಡಿ ಅದೇ ಸೆಪ್ಟೆಂಬರಿನಲ್ಲಿ ‘ಆ್ಯಂಟಿ’ ಎಂಬ ರೆಕಾರ್ಡು ತಂದಿತು. ಅದರ ‘ಫ್ಲಟರ್’ ಎಂಬ ತುಣುಕಿನಲ್ಲಿ ಯಾವ ಎರಡು ಆವರ್ತವೂ ಒಂದೇ ಥರ ಇಲ್ಲದಂತೆ ಬಡಿತ ಹೆಣೆದು, ಇದನ್ನು ಹೊಸ ಕಾನೂನಿನಡಿ ನುಡಿಸಬಹುದು, ಆದರೂ ಡಿಜೆಗಳು ಪಕ್ಕದಲ್ಲಿ ಒಬ್ಬ ವಕೀಲನನ್ನೂ ಒಬ್ಬ ಸಂಗೀತಶಾಸ್ತ್ರಜ್ಞನನ್ನೂ ಇಟ್ಟುಕೊಳ್ಳುವುದು ಒಳ್ಳೆಯದು ಎಂದು ಸ್ಟಿಕ್ಕರ್ ಅಂಟಿಸಿದ್ದರು. ಬುದ್ಧಿವಂತಿಕೆಯಲ್ಲಿ ಅದೇ ಮೇಲು.

ಆದರೂ ಪ್ರಾಡಿಜಿ ಮಾಡಿದ್ದು ಬೇರೆ. ಸಂಸತ್ತು ಅಪರಾಧದ ಗುರುತೆಂದು ಬರೆಯುತ್ತಿದ್ದ ಅದೇ ಬಡಿತವನ್ನು ಅವರು ದೇಶದ ಅಂಗಡಿ ಅಂಗಡಿಗೆ ಮುಟ್ಟಿಸಿದರು. ಬಯಲಿಗೆ ಎಂದೂ ಹೋಗದ ಹದಿನಾಲ್ಕು ವರ್ಷದ ಮಕ್ಕಳ ಕೋಣೆಯಲ್ಲಿ ಅದು ಮೊಳಗಿತು. ವರ್ಷದ ಅತ್ಯುತ್ತಮ ಬ್ರಿಟಿಷ್ ಆಲ್ಬಮ್ಮಿಗೆ ಕೊಡುವ ಮರ್ಕ್ಯುರಿ ಪ್ರಶಸ್ತಿಯ ಅಂತಿಮ ಪಟ್ಟಿಗೂ ಬಂತು. ಪ್ರಶಸ್ತಿ ಸಿಗಲಿಲ್ಲ, ಇರಲಿ. ಕುಣಿತದ ಸಂಗೀತ ಅಂದರೆ ಒಂದೊಂದು ಹಾಡಿನ ರೆಕಾರ್ಡು, ಆಲ್ಬಮ್ ಅಂದರೆ ರಾಕ್‌ನವರ ಸೊತ್ತು ಎಂಬ ಗೋಡೆ ಒಡೆಯಿತು. 1995ರಲ್ಲಿ ಸಂಗೀತೋತ್ಸವಕ್ಕೆ ಹೆಸರಾದ ಗ್ಲಾಸ್ಟನ್‌ಬರಿಯ ವೇದಿಕೆ ಹತ್ತಿದ ತಂಡ 1997ರಲ್ಲಿ ಅಲ್ಲಿನ ಮುಖ್ಯ ವೇದಿಕೆಯ ಕೊನೆಯ ಸರದಿಗೆ ನಿಂತಿತು. ಕೀತ್ 2019ರ ಮಾರ್ಚಿನಲ್ಲಿ ತೀರಿಕೊಂಡ.

ಕಾನೂನು ಮಾತ್ರ ನಿಲ್ಲಲಿಲ್ಲ. ಸ್ಪೈರಲ್ ಟ್ರೈಬ್‌ನವರು ಅದು ಜಾರಿಯಾಗುವ ಮೊದಲೇ ಗಂಟುಮೂಟೆ ಕಟ್ಟಿ ಯುರೋಪಿಗೆ ಹೋದರು, ಫ್ರಾನ್ಸಿನ ಬಯಲುಗಳಲ್ಲಿ ಅದೇ ಜಾತ್ರೆ ಮುಂದುವರಿಸಿದರು. ಇಂಗ್ಲೆಂಡಿನಲ್ಲಿ ಕುಣಿತ ಲೈಸೆನ್ಸ್ ಇರುವ ದೊಡ್ಡ ಕ್ಲಬ್ಬುಗಳ ಒಳಗೆ, ಟಿಕೇಟಿನ ಹಿಂದೆ ಸೇರಿಕೊಂಡಿತು. 2003ರಲ್ಲಿ ಇನ್ನೊಂದು ಕಾಯ್ದೆ ಬಂದು 100 ಜನ ಇದ್ದದ್ದನ್ನು 20ಕ್ಕೆ ಇಳಿಸಿತು. ಮರಳಿ ಬರುವ ಬಡಿತದ ಆ ಸಾಲು ಶಾಸನದಲ್ಲಿ ಹಾಗೇ ಉಳಿದಿದೆ.

ಎಲ್ಲಿಂದ ಶುರು ಮಾಡಲಿ ಎಂದಿರಿ. ಮೊದಲ ಹಾಡಿನಿಂದ ಬೇಡ. ನಾನು ಮೊದಲು ಕೇಳಿದ್ದು ಗೆಳೆಯನೊಬ್ಬ ಸಿಡಿಯಿಂದ ಇಳಿಸಿಕೊಟ್ಟ 90 ನಿಮಿಷದ ಕ್ಯಾಸೆಟ್ಟಿನಲ್ಲಿ. ಒಂದು ಮಗ್ಗುಲು 45 ನಿಮಿಷಕ್ಕೆ ಮುಗಿಯುವುದರಿಂದ ಎಂಟನೆಯದಾದ ‘ಪಾಯಿಸನ್’ ನಡುವೆ ಕಟ್ಟಾಗುತ್ತಿತ್ತು. ತಿರುಗಿಸಿ ಹಾಕುವಷ್ಟರಲ್ಲಿ ಲಯ ತಲೆಯೊಳಗೆ ತಾನೇ ಓಡುತ್ತಿರುತ್ತಿತ್ತು. ನೀವೂ ‘ಪಾಯಿಸನ್’ನಿಂದಲೇ ಶುರು ಮಾಡಿ. ವೇಗ ಕಡಿಮೆ, ಮ್ಯಾಕ್ಸಿಮ್‌ನ ನಾಲ್ಕು ಮಾತು, ಡ್ರಮ್ಮಿನ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೆ. ಅಲ್ಲಿ ಕಿವಿ ಕೂತ ಮೇಲೆ ‘ವೂಡೂ ಪೀಪಲ್’ಗೆ ಹೋಗಿ. ಕೊನೆಯ ಮೂರು, ‘ನಾರ್ಕೋಟಿಕ್ ಸ್ವೀಟ್’ ಎಂಬ ಮಾಲೆ, ಒಟ್ಟಿಗೇ ಕೇಳಬೇಕು: ‘ತ್ರೀ ಕಿಲೋಸ್’ನಲ್ಲಿ ಫಿಲ್ ಬೆಂಟ್ ನುಡಿಸಿದ ನಿಜವಾದ ಕೊಳಲು, ‘ಸ್ಕೈಲೈನ್ಡ್’ನಲ್ಲಿ ಮೇಲಕ್ಕೇಳುವ ಅಲೆ, ‘ಕ್ಲಾಸ್ಟ್ರೋಫೋಬಿಕ್ ಸ್ಟಿಂಗ್’ನಲ್ಲಿ ಗೋಡೆಗಳು ಒತ್ತಿ ಬರುವ ದಿಗಿಲು. ಮೂರನೆಯದು ಎರಡು ನಿಮಿಷ ಕಡಿಮೆ ಇದ್ದರೂ ನಡೆಯುತ್ತಿತ್ತು ಅನ್ನಿಸುತ್ತದೆ. ಆದರೆ ನಶೆಯ ಹೆಸರಿಟ್ಟ ಮಾಲೆಯನ್ನು ಸುಖದಲ್ಲಿ ಮುಗಿಸದೆ ಉಸಿರು ಕಟ್ಟುವಲ್ಲಿ ಮುಗಿಸಿದ್ದನ್ನು ಗಮನಿಸಿ.

ಇನ್ನೊಂದು ಮಾತು. ಫೋನಿನ ಸ್ಪೀಕರಿನಲ್ಲಿ ಕೇಳಿದ್ದರೆ ನೀವು ಅರ್ಧ ಆಲ್ಬಮ್ ಮಾತ್ರ ಕೇಳಿದ್ದೀರಿ, ಬೇಸ್ ಪೂರ್ತಿ ಬಿಟ್ಟುಹೋಗಿರುತ್ತದೆ. ಒಳ್ಳೆಯ ಹೆಡ್‌ಫೋನ್ ಹಾಕಿ, ಇಲ್ಲವೇ ಮಗಳ ಹತ್ತಿರ ವೂಫರ್ ಇರುವ ಸ್ಪೀಕರ್ ಇದ್ದರೆ ಅವಳ ಜೊತೆಗೇ ಕೂತು ಕೇಳಿ. ಕೂರಲಾಗದೆ ಎದ್ದು ನಿಂತರೆ ತಡೆದುಕೊಳ್ಳಬೇಡಿ.